ಎರಡನೇ ಕರೆ

ನನಗೊಂದು ಕೆಟ್ಟ ಚಾಳಿ ಇದೆ. ಎಲ್ಲಿಗೇ ಹೋಗಬೇಕಿದ್ದರೂ ಮುಂಚೆ ಹೋಗಿ ಕೂರುವುದು. ಸುಮ್ಮನೆ ಮುಂಚೆಯಲ್ಲ, ಕರೆದವರಿಗೆ ಮುಜುಗರವಾಗುವಷ್ಟು ಮುಂಚೆ. ಮೊನ್ನೆ ಬಂಗಾರಪೇಟೆಯಲ್ಲೇ ಒಂದು ಗೃಹಪ್ರವೇಶಕ್ಕೆ ಹೋದಾಗ ಮನೆಯೊಡತಿ ಇನ್ನೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸಿಲು ತೊಳೆಯುತ್ತಿದ್ದಳು. "ಅಯ್ಯೋ ಟೀಚರಕ್ಕ, ಇನ್ನೂ ಪುರೋಹಿತರೇ ಬಂದಿಲ್ಲ" ಅಂದಳು. "ಅವರು ನಿಧಾನಕ್ಕೆ ಬರಲಿ ಬಿಡಮ್ಮ, ನಾನು ಎಲ್ಲಾದರೂ ಮೂಲೆಯಲ್ಲಿ ಕೂತಿರ್ತೀನಿ" ಅಂದೆ. ಮೂಲೆ ಎಲ್ಲಿತ್ತು? ಎಲ್ಲ ಮೂಲೆಯಲ್ಲೂ ಪಾತ್ರೆ ಪಡಗ. ಕೊನೆಗೆ ಕೈಗೊಂದು ಬುಟ್ಟಿ ಸೇವಂತಿಗೆ ಕೊಟ್ಟು ಕಟ್ಟಲು ಕೂರಿಸಿದರು. ಮುಂಚೆ ಹೋದವರಿಗೆ ಯಾವಾಗಲೂ ಕೆಲಸ ಸಿಗುತ್ತದೆ. ಬೇಕಿದ್ದರೆ ನೀವೂ ಒಂದು ಸಾರಿ ಹೋಗಿ ನೋಡಿ.

ಈ ಚಾಳಿ ನನಗೆ ಹತ್ತಿದ್ದು ಮಾರಿಕುಪ್ಪಂ ರೈಲಿನಿಂದ. ನನ್ನ ಮನೆ ಬಂಗಾರಪೇಟೆಯಲ್ಲಿ, ಶಾಲೆ ಊರಿಗಾಂನಲ್ಲಿ. ಅಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಬೆಳಗಿನ ರೈಲು ತಪ್ಪಿದರೆ ಮುಂದಿನದು ಹಿಡಿದು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು, ಹಾಜರಿ ಮುಗಿದು, ಹೆಡ್‌ಮಾಸ್ಟರ ಸಿಟ್ಟು ಏರಿ ಇಳಿದು ಹೋಗಿರುತ್ತಿತ್ತು. ಅವರ ಸಿಟ್ಟು ಇಳಿದ ಮೇಲಿನ ಮೌನ ಇನ್ನೂ ಕೆಟ್ಟದ್ದು. ಆ ಭಯಕ್ಕೆ ರೈಲಿಗಿಂತ ಎಷ್ಟೋ ಮುಂಚೆ ಹೋಗಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಈಗ ನಿವೃತ್ತಿಯಾಗಿ ವರ್ಷಗಳೇ ಆದವು. ನೌಕರಿ ಬಿಟ್ಟರೂ ಮೈಯೊಳಗಿನ ಗಡಿಬಿಡಿ ಬಿಡಲಿಲ್ಲ. ಯಾರಾದರೂ ಕರೆದರೆ ಸಾಕು, ಹಿಂದಿನ ದಿನವೇ ಚಪ್ಪಲಿ ಬಾಗಿಲ ಕಡೆ ಮುಖ ಮಾಡಿ ಇಟ್ಟಿರುತ್ತೇನೆ.

ವಿಚಿತ್ರವೆಂದರೆ ನಾನು ಹುಟ್ಟಿ ಬೆಳೆದದ್ದು ಇದಕ್ಕೆ ಪೂರಾ ಉಲ್ಟಾ ಇರುವ ಊರಿನಲ್ಲಿ. ಬೂದಿಕೋಟೆ ಕಡೆಯ ಒಂದು ಸಣ್ಣ ಹಳ್ಳಿ. ರಾಗಿ, ಟೊಮೇಟೊ, ಹಸು, ಡೇರಿ. ನಮ್ಮೂರಲ್ಲಿ ಯಾವುದೇ ಕಾರ್ಯಕ್ಕಾಗಲಿ ಎರಡು ಕರೆ. ಮೊದಲನೆಯದು ಹತ್ತು ದಿನ ಮುಂಚೆ, ಕುಂಕುಮ ಹಚ್ಚಿ, ಎಲೆ ಅಡಿಕೆ ಕೊಟ್ಟು "ಬರಬೇಕು" ಅನ್ನುವುದು. ಅದು ಬರೀ ಸುದ್ದಿ. ಅದನ್ನು ನಂಬಿಕೊಂಡು ಯಾರೂ ಹೋಗುವುದಿಲ್ಲ. ಕಾರ್ಯದ ದಿನ ಆ ಮನೆಯವರೇ ಒಬ್ಬರು ಬಂದು, ಬಾಗಿಲಲ್ಲಿ ನಿಂತು, ಹೆಸರು ಹಿಡಿದು, "ಏಳಿ, ನಮ್ಮನೆ ಕಾರ್ಯ, ಬನ್ನಿ" ಅನ್ನಬೇಕು. ಅದು ಎರಡನೇ ಕರೆ. ಅದು ಬರುವವರೆಗೆ ಸ್ನಾನ ಮಾಡಿ, ಹೊಸ ಬಟ್ಟೆ ತೊಟ್ಟು, ತಲೆ ಬಾಚಿ, ಜಗಲಿ ಮೇಲೆ ಕೂತು, ಎಲ್ಲಿಗೂ ಹೋಗುವುದಿಲ್ಲವೇನೋ ಅನ್ನುವ ಮುಖ ಮಾಡಿಕೊಂಡು ಬೀದಿ ನೋಡಬೇಕು. ಕರೆಯುವ ಮೊದಲೇ ಎದ್ದು ಹೋದವನು ಊಟಕ್ಕೆ ಬಿದ್ದವನು ಅಂತ ಅರ್ಥ.

ನಮ್ಮಪ್ಪ ಒಮ್ಮೆ ಹೀಗೇ ಕೂತಿದ್ದ. ನಾನು ಆಗ ಲಂಗ ತೊಡುವ ವಯಸ್ಸು. ನಾಲ್ಕು ಮನೆ ಆಚೆ ಚಿಕ್ಕಪ್ಪನ ಮಗಳ ಮದುವೆ. ಓಲಗ ಕೇಳುತ್ತಿದೆ, ಹುಳಿಯ ಒಗ್ಗರಣೆ ವಾಸನೆ ನಮ್ಮ ಜಗಲಿವರೆಗೂ ಬರುತ್ತಿದೆ. ಕರೆಯುವವರು ಎಡಗಡೆ ಮನೆಗೆ ಬಂದರು, ಬಲಗಡೆ ಮನೆಗೆ ಬಂದರು. ನಮ್ಮ ಮನೆಗೆ ಇವನು ಕರೆದಿರುತ್ತಾನೆಂದು ಅವನು, ಅವನು ಕರೆದಿರುತ್ತಾನೆಂದು ಇವನು. ಹೊತ್ತು ನೆತ್ತಿಗೆ ಬಂತು. ಅಪ್ಪ ಎದ್ದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, "ಮುದ್ದೆ ಇಕ್ಕು" ಅಂದ. ಅಮ್ಮ ಒಲೆಯನ್ನೇ ಹಚ್ಚಿರಲಿಲ್ಲ. ಆಮೇಲೆ ಹಚ್ಚಿದಳು. ನಾನು ಹೊಸ ಲಂಗದಲ್ಲಿ ಕೂತು ಉಪ್ಪಿನಕಾಯಿ ರಸದಲ್ಲಿ ಮುದ್ದೆ ನುಂಗಿದೆ, ಅಳುತ್ತಾ. ಆಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟರು. ಎಷ್ಟು ವರ್ಷ ಅಂತ ಕೇಳಬೇಡಿ. ಹೇಳಿದರೆ ನೀವು ನಮ್ಮೂರಿನ ಬಗ್ಗೆ ಏನೇನೋ ಅಂದುಕೊಳ್ಳುತ್ತೀರಿ.

ಊರಿಗಾಂಗೆ ಹೋದ ಮೇಲೆ ನಾನು ಕಂಡದ್ದೇ ಬೇರೆ ಲೋಕ. ಅಲ್ಲಿಯ ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನು ಮನೆಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಸಂಸಾರಗಳು. ಒಂದು ಮನೆಯಲ್ಲಿ ಸೀನಿದರೆ ಮೂರನೇ ಮನೆಯಲ್ಲಿ ಯಾರೋ ನೂರು ವರ್ಷ ಬಾಳು ಅನ್ನುತ್ತಿದ್ದರು. ಅಲ್ಲಿ ಒಂದನೇ ಕರೆಯೂ ಇಲ್ಲ, ಎರಡನೆಯದೂ ಇಲ್ಲ. ಗಣಿಯಿದ್ದ ಕಾಲದಲ್ಲಿ ಮದುವೆಗೆ ಜನ ಶಿಫ್ಟಿನ ಪ್ರಕಾರ ಬರುತ್ತಿದ್ದರು. ಬೆಳಗಿನ ಶಿಫ್ಟಿನವರು ಗಣಿಯಿಂದ ಮೇಲೆ ಬಂದು ಮೈ ತೊಳೆದುಕೊಂಡು ಬರುವಷ್ಟರಲ್ಲಿ ತಾಳಿ ಕಟ್ಟಿ ಎಷ್ಟೋ ಹೊತ್ತಾಗಿರುತ್ತಿತ್ತು. ಆದರೂ ಹೆಣ್ಣು ಗಂಡು ಹಾರ ಹಾಕಿಕೊಂಡು ಹಾಗೇ ಕೂತಿರಬೇಕು. ರಾತ್ರಿ ಪಾಳಿಯವರು ಬಂದು ನೋಡದ ಹೊರತು ಏಳುವಂತಿಲ್ಲ. ಅಂಥ ಒಂದು ಮದುವೆಯಲ್ಲಿ ಹೆಣ್ಣು ಕೂತಲ್ಲೇ ನಿದ್ದೆ ಹೋಗಿದ್ದನ್ನು ನಾನೇ ಕಂಡಿದ್ದೇನೆ. ಗಂಡು ಅವಳಿಗೆ ಹೆಗಲು ಕೊಟ್ಟು ಮಿಸುಕಾಡದೆ ಕೂತಿದ್ದ. ಈಗ ಗಣಿ ಮುಚ್ಚಿದೆ, ಜನ ಬೆಳಕು ಹರಿಯುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಆದರೂ ಬಾಗಿಲು ತೆರೆದಿದ್ದರೆ ಒಳಗೆ ಬರುವ ಅಭ್ಯಾಸ ಹೋಗಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನನ್ನ ತಮ್ಮನ ಹೆಂಡತಿ ಒಂದು ದಿನ ನನ್ನ ಮನೆಗೆ ಬಂದು ಕೇಳಿದ ಪ್ರಶ್ನೆಗಾಗಿ. "ಅಕ್ಕ, ಗೆಸ್ಟು ಎಷ್ಟು ಹೊತ್ತಿಗೆ ಬರ್ಬೇಕು?"

ಯಾವ ಗೆಸ್ಟು, ಎಲ್ಲಿಗೆ ಅಂತ ಹೇಳಬೇಕಲ್ಲ. ಹೇಳುತ್ತೇನೆ.

ತಮ್ಮ ನಾರಾಯಣ ಎಲೆಕ್ಟ್ರಿಕ್ ಕೆಲಸ ಕಲಿತು ಮಲೇಷ್ಯಾಕ್ಕೆ ಹೋಗಿದ್ದ. ಅಲ್ಲಿ ತಿಲಗವತಿ ಸಿಕ್ಕಳು. ಅವಳ ತಾತ ನಂದಿದುರ್ಗದ ಗಣಿಯಲ್ಲಿದ್ದವನು. ಹೆಚ್ಚು ಕೂಲಿ ಸಿಗುತ್ತದೆಂದು ಹಡಗು ಹತ್ತಿ ಅಲ್ಲಿಯ ಗಣಿಗೆ ಹೋದ, ಅಲ್ಲೇ ಉಳಿದ. ಮೊಮ್ಮಗಳು ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಅಲ್ಲೇ. ಇವರಿಬ್ಬರೂ ಅಲ್ಲಿಯದೇ ಒಂದು ಗುಡಿಯಲ್ಲಿ ಹಾರ ಬದಲಾಯಿಸಿಕೊಂಡು ನಮಗೆ ಫೋಟೊ ಕಳಿಸಿದರು. ಅಮ್ಮ ಫೋಟೊ ನೋಡಿ, "ಮೂಗು ಚೆನ್ನಾಗೈತೆ" ಅಂದಳು. ಅಷ್ಟೇ. ಒಂದೆರಡು ವರ್ಷಕ್ಕೆ ನಾರಾಯಣನಿಗೆ ಹಸು ಕಟ್ಟುವ ಹುಚ್ಚು ಹಿಡಿದು ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದ.

ತಿಲಗವತಿ ನಮ್ಮೂರ ಬಾಯಲ್ಲಿ ತಿಲಕಮ್ಮ ಆದಳು. ಕನ್ನಡ ಕಲಿತದ್ದು ಕೊಟ್ಟಿಗೆಯಲ್ಲಿ. ಅವಳ ಮೊದಲ ಕನ್ನಡವೆಲ್ಲ ಹಸುಗಳಿಗೆ ಹೇಳುವ ಕನ್ನಡ: ನಿಲ್ಲು, ತಿರುಗು, ಆ ಕಡೆ ಸರಿ, ಬಾಲ ಆಡಿಸಬೇಡ. ಸ್ವಲ್ಪ ದಿನ ಗಂಡನ ಹತ್ತಿರವೂ ಅಷ್ಟೇ ಮಾತಾಡುತ್ತಿದ್ದಳು, ಅವನೂ ಹೇಳಿದ ಹಾಗೆ ಸರಿಯುತ್ತಿದ್ದ. ಈಗ ಡೇರಿಯ ಕಾರ್ಯದರ್ಶಿಯ ಹತ್ತಿರ ಹಾಲಿನ ಗಟ್ಟಿ ಅಳೆಯುವ ಡಿಗ್ರಿ ವಿಷಯಕ್ಕೆ ಜಗಳ ಆಡುವಷ್ಟು ಕನ್ನಡ ಬರುತ್ತದೆ. ಮಾತಿನ ನಡುವೆ ಬೇಕಾದಲ್ಲಿ ತಮಿಳು ಸೇರಿಸುತ್ತಾಳೆ. ಅದಕ್ಕೆ ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾವು ಅರ್ಧ ಬೈಯುವುದೇ ತೆಲುಗಿನಲ್ಲಿ.

ಬೈಗುಳ ಅಂದಾಗ ಅಮ್ಮನ ಮಾತು ಹೇಳಬೇಕು. ಅಮ್ಮ ಎಲ್ಲರನ್ನೂ ಬೈಯುತ್ತಾಳೆ. ನನ್ನನ್ನು ಈ ವಯಸ್ಸಲ್ಲೂ ಬೈಯುತ್ತಾಳೆ. ನಾರಾಯಣನಿಗಂತೂ ಬೈಗುಳವಿಲ್ಲದೆ ಕಾಫಿ ಇಳಿಯುವುದಿಲ್ಲ. ಆದರೆ ತಿಲಗವತಿಯನ್ನು ಒಂದು ದಿನವೂ ಬೈದವಳಲ್ಲ. "ಊಟ ಮಾಡಮ್ಮ", "ಸಾಕೇನಮ್ಮ", "ದಣಿದಿದೀಯಾ, ಕೂತ್ಕೊಳಮ್ಮ." ಕೇಳಿದವರು ಆಹಾ ಎಂಥ ಅತ್ತೆ ಅನ್ನುತ್ತಿದ್ದರು. ನಾನು ಮಾತ್ರ ಹಾಗೆ ಅನ್ನುತ್ತಿರಲಿಲ್ಲ. ಅದು ನೆಂಟರಿಗೆ ತೋರಿಸುವ ಮರ್ಯಾದೆ. ನಮ್ಮಮ್ಮ ಮನೆಯವರಿಗೆ ಯಾವತ್ತೂ ಅಷ್ಟು ಮರ್ಯಾದೆ ಕೊಟ್ಟವಳಲ್ಲ.

ಒಮ್ಮೆ ತಡೆಯಲಾರದೆ, ಅವಳನ್ನು ಯಾಕೆ ಬೈಯುವುದಿಲ್ಲ ಅಂತ ಕೇಳಿಯೇ ಬಿಟ್ಟೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ವರ್ಷ ವರ್ಷ ಪೊಲೀಸ್ನೋರು ಬಂದು ಇನ್ನೂ ಇದಾಳಾ ಅಂತ ಕೇಳ್ಕೊಂಡು ಓಯ್ತಾರೆ. ಕಟ್ಟಾಕೋಕೆ ಮಕ್ಕಳಾ ಮರಿಯಾ? ಪಾಸ್‌ಪೋರ್ಟ್ ಬೀರುವಲ್ಲೈತೆ. ಒಂದಿನ ಬೇಜಾರಾದ್ರೆ ಇಮಾನ ಅತ್ತಿ ಓಯ್ತಾಳೆ. ಓಗೋಳನ್ನ ಎಷ್ಟು ಅಂತ ಅಚ್ಕೊಳ್ಲಿ?" ಅಂದಳು. ಒಳಗೆ ಹಚ್ಚಿಕೊಂಡುಬಿಟ್ಟಿದ್ದಾಳೆ, ಅದಕ್ಕೇ ಹೆದರುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಗೊತ್ತಾಗಿ ಮಾಡುವುದೇನು? ಅಮ್ಮನಿಗೆ ಬುದ್ಧಿ ಹೇಳುವ ಧೈರ್ಯ ನಮ್ಮಪ್ಪನಿಗೇ ಇರಲಿಲ್ಲ.

ಇಲ್ಲಿಯ ಪೌರತ್ವ ತಗೊಳ್ಳುತ್ತೇನೆ ಅಂತ ತಿಲಗವತಿ ಅರ್ಜಿ ಹಾಕಿದ್ದಳು. ಓಡಾಟ, ಝೆರಾಕ್ಸು, ಪೊಲೀಸು, ಮತ್ತೆ ಓಡಾಟ. ಅದನ್ನೆಲ್ಲ ಬಿಡಿ. ಕೊನೆಗೆ, ಒಪ್ಪಿದ್ದೇವೆ, ಮೊದಲು ನಿಮ್ಮ ಆ ದೇಶದ ಪೌರತ್ವ ಬಿಟ್ಟು ಬನ್ನಿ ಅಂದರು. ಬಿಟ್ಟಳು. ಪಾಸ್‌ಪೋರ್ಟನ್ನು ಅವರಿಗೇ ಒಪ್ಪಿಸಿದಳು. ಅದಾಗಿ ಇಲ್ಲಿಯದು ಕೈಗೆ ಬರುವವರೆಗೆ ನಡುವೆ ಕೆಲವು ತಿಂಗಳು ಹಾಗೇ ಕಳೆದವು. ಆ ದಿನಗಳಲ್ಲಿ ಬಂಗಾರಪೇಟೆಗೆ ಸಂತೆಗೆ ಬಂದವಳು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಈಗ ನಾನು ಯಾವ ದೇಶದೋಳೂ ಅಲ್ಲ ಅಕ್ಕ. ಬಸ್ಸಲ್ಲಿ ಕೂತ್ರೆ ಭಯ ಆಗುತ್ತೆ. ಯಾರಾದ್ರೂ ಇಳಿ ಅಂದ್ರೆ ಇಳೀಬೇಕು. ಯಾಕೆ ಅಂತ ಕೇಳೋಕೆ ನಂಗೆ ಜಾಗ ಇಲ್ಲ."

"ಅಮ್ಮನಿಗೆ ಹೇಳಿದೀಯಾ?"

"ಬೇಡ ಅಕ್ಕ. ಪಾವಂ ಅಂತಾರೆ. ಅಯ್ಯೋ ಪಾಪ ಅನ್ನಿಸ್ಕೊಂಡು ಅವರ ಮನಸ್ಸೊಳಗೆ ಹೋಗೋಕೆ ನಂಗಿಷ್ಟ ಇಲ್ಲ. ನೀವೂ ಹೇಳ್ಬೇಡಿ."

ನಾನು ಹೇಳಲಿಲ್ಲ. ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನಗೆ ಎಷ್ಟು ಕಷ್ಟ ಅಂತ ನನ್ನನ್ನು ಬಲ್ಲವರಿಗೆ ಗೊತ್ತು.

ಅಂತೂ ಕೋಲಾರದ ಜಿಲ್ಲಾಧಿಕಾರಿ ಕಚೇರಿಯಿಂದ ಫೋನು ಬಂತು. ಇಂಥ ದಿನ ಹನ್ನೊಂದು ಗಂಟೆಗೆ ಬನ್ನಿ, ಸಾಹೇಬರ ಮುಂದೆ ಪ್ರಮಾಣವಚನ ತಗೊಂಡರೆ ಮುಗೀತು ಅಂದರಂತೆ. ತಿಲಗವತಿ ಕೇಳಿದಳಂತೆ, "ಸರ್, ಗೆಸ್ಟು ಎಷ್ಟು ಹೊತ್ತಿಗೆ ಬರ್ಬೇಕು?" ಆ ಕಡೆಯ ಗುಮಾಸ್ತ, "ಯಾವ ಗೆಸ್ಟಮ್ಮ? ಎರಡು ನಿಮಿಷದ ಕೆಲಸ" ಅಂದನಂತೆ. ಅವನ ತಪ್ಪಿಲ್ಲ. ಅವನನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಆದರೆ ತಿಲಗವತಿಯ ತಂಗಿ ಆಸ್ಟ್ರೇಲಿಯಾದಲ್ಲಿದ್ದಾಳೆ. ಅಲ್ಲಿ ಅವಳಿಗೆ ಪೌರತ್ವ ಸಿಕ್ಕಾಗ ದೊಡ್ಡ ಹಾಲು, ಬಾವುಟ, ಕುರ್ಚಿ ಸಾಲು, ಕೇಕು. ಬಂಧುಗಳು ಅರ್ಧ ಗಂಟೆ ಮುಂಚೆಯೇ ಬಂದು ಕೂರಬೇಕು ಅಂತ ಬೇರೆ ಕಟ್ಟುನಿಟ್ಟು. ಆ ವಿಡಿಯೊವನ್ನು ಇವಳು ಎಷ್ಟು ಸಾರಿ ನೋಡಿದ್ದಳೋ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ನನಗೂ ತೋರಿಸಿದ್ದಳು.

"ಕೇಕು ಬೇಡ ಅಕ್ಕ" ಅಂದಳು. "ಆ ಕಡೆ ಕೈ ಬಿಟ್ಟಾಯ್ತು. ಈ ಕಡೆ ನಾನು ಕೈ ಎತ್ತಿ ಹೇಳೋವಾಗ ನಮ್ಮೋರು ಅಂತ ಯಾರಾದ್ರೂ ಹಿಂದೆ ನಿಂತಿರ್ಬೇಕು. ಅತ್ತೆ ಇರ್ಬೇಕು. ಅಷ್ಟೇ." ಅದಕ್ಕೇ ಆ ಪ್ರಶ್ನೆ, ಗೆಸ್ಟು ಎಷ್ಟು ಹೊತ್ತಿಗೆ ಬರಬೇಕು ಅಂತ.

ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಅದು. "ಅರ್ಧ ಗಂಟೆ ಎಲ್ಲಿ ಸಾಲುತ್ತೆ? ಒಂದು ಗಂಟೆ ಮುಂಚೆ" ಅಂದೆ. ಪ್ರಮಾಣವಚನವನ್ನು ಅವಳಿಗಾಗಿ ಕನ್ನಡದಲ್ಲೂ ಮಾಡಿ ಕೊಟ್ಟೆ, ಬಾಯಿಪಾಠ ಮಾಡಿಸಿದೆ. ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಓದಿದರೂ ಅರ್ಥವಾಗುವ ಭಾಷೆಯಲ್ಲಿ ಒಮ್ಮೆ ಗೊತ್ತಿರಲಿ ಅಂತ.

ತಿಲಗವತಿ ಕುಂಕುಮದ ಬಟ್ಟಲು ಹಿಡಿದು ಊರಲ್ಲಿ ಮನೆಮನೆಗೆ ಹೋದಳು. ಯಾರಿಗೂ ಇದು ಎಂಥ ಕಾರ್ಯ ಅಂತ ತಿಳಿಯದು. "ಉಡುಗೊರೆ ಏನ್ ತರೋದು?" ಅಂತ ಒಬ್ಬಳು. "ಪ್ರಮಾಣವಚನ ಅಂದ್ರೆ ಎಮ್ಮೆಲ್ಲೆಗಳು ತಗಳ್ತಾರಲ್ಲ, ಅದೇನಾ? ಅಂಗಾರೆ ತಿಲಕಮ್ಮ ಮಂತ್ರಿ ಆಗ್ತಾಳಾ?" ಅಂತ ನಮ್ಮ ದೊಡ್ಡಪ್ಪ. ಆತ ಊರಿಗೆ ಹಿರಿಯ, ಎಲ್ಲದಕ್ಕೂ ಆತನದೊಂದು ಮಾತು ಇರಲೇಬೇಕು. ಕೊನೆಗೆ ಮನೆಗೆ ಬಂದು ಅಮ್ಮನ ಹಣೆಗೂ ಕುಂಕುಮ ಹಚ್ಚಿ, "ಬರ್ಬೇಕು ಅತ್ತೆ" ಅಂದಳು.

"ಬತ್ತೀನಮ್ಮ" ಅಂದಳು ಅಮ್ಮ, ಎಲೆ ಅಡಿಕೆಗೆ ಸೆರಗು ಒಡ್ಡಿ, ಪಕ್ಕದ ಮನೆಯವಳ ಹಾಗೆ.

ಆ ದಿನ ಟೆಂಪೊದಲ್ಲಿ ಊರಿನವರೆಲ್ಲ ಹೊರಟರು. ಬಂಗಾರಪೇಟೆಯಲ್ಲಿ ನಾನೂ ಹತ್ತಿದೆ, ಜೊತೆಗೆ ಅಂಜಲೈ ಪಾಟಿ. ವಯಸ್ಸಿಗೆ ಎಲ್ಲರೂ ಪಾಟಿ, ಅಂದರೆ ಅಜ್ಜಿ ಅನ್ನುತ್ತೇವೆ, ಸಂಬಂಧದಲ್ಲಿ ತಿಲಗವತಿಯ ತಾತನ ತಮ್ಮನ ಮಗಳು. ನಂದಿದುರ್ಗದ ಲೈನಿನಲ್ಲೇ ಹುಟ್ಟಿ ಅಲ್ಲೇ ಮುದುಕಿಯಾದವಳು, ಇಲ್ಲಿ ತಿಲಗವತಿಗೆ ರಕ್ತಸಂಬಂಧ ಅಂತ ಇರುವ ಒಂದೇ ಜೀವ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲಿಗೆ ಬಂದು ಬಾಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ನಿಂತಿದ್ದಳು. ನನ್ನ ಲೆಕ್ಕದ ಪ್ರಕಾರ ಒಂದು ಗಂಟೆ ಮುಂಚೆ ಕೋಲಾರ ಮುಟ್ಟಿದೆವು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಡ್ರೈವರಿಗೆ ಎರಡು ಸಾರಿ ಥ್ಯಾಂಕ್ಸ್ ಹೇಳಿದೆ.

ಕಚೇರಿಯ ಅಂಗಳದಲ್ಲಿ ದೊಡ್ಡ ಹೊಂಗೆಮರ, ಸುತ್ತ ಕಟ್ಟೆ. ಊರಿನವರು ಅಲ್ಲಿ ಸಾಲಾಗಿ ಕೂತರು. ಗಂಡಸರದ್ದು ಇಸ್ತ್ರಿ ಪಂಚೆ, ಹೆಂಗಸರದ್ದು ಗರಿಗರಿ ಸೀರೆ. ನಡುವೆ ಅಮ್ಮ. ನಾನು, ನಾರಾಯಣ, ತಿಲಗವತಿ ಒಳಗೆ ವಿಚಾರಿಸಿಕೊಂಡು ಬರುತ್ತೇವೆ ಅಂತ ಹೊರಟೆವು. ಪಾಟಿ ನಮ್ಮ ಹಿಂದೆಯೇ ಬಂದಳು. "ನೀವು ಅಲ್ಲಿ ಕೂತಿರಿ ಪಾಟಿ, ಕರೀತೀವಿ" ಅಂದೆ. "ಎನ್ನ ಕೂಪ್ಪಿಡಣುಮಾ? ನನ್ನ ಮಗು ಒಳಗೆ ಓಗ್ತೈತೆ, ನನ್ನ ಯಾರು ಕರೀಬೇಕು?" ಅಂತ ನನ್ನನ್ನು ದಾಟಿಕೊಂಡೇ ಹೋದಳು.

ಒಳಗೆ ಗುಮಾಸ್ತ ನಮ್ಮನ್ನು ಕಂಡವನೇ, "ಒಳ್ಳೇದಾಯ್ತು ಬೇಗ ಬಂದಿದ್ದು. ಸಾಹೇಬ್ರಿಗೆ ಬೆಂಗಳೂರಲ್ಲಿ ಮೀಟಿಂಗು, ಈಗಲೇ ಹೊರಡ್ತಾರೆ. ಬನ್ನಿ, ಮುಗಿಸಿಬಿಡೋಣ" ಅಂದ. ನಾರಾಯಣ ವರಾಂಡದ ತುದಿಗೆ ಓಡಿದ. ಮರದ ಕಡೆ ಕೈ ಬೀಸಿದ, ಬನ್ನಿ ಬನ್ನಿ ಅಂತ. ಅವರೆಲ್ಲ ಇವನನ್ನು ನೋಡಿದರು. ಬರುತ್ತಾರೆ ಅಂತ ನಂಬಿ ಇವನು ವಾಪಸು ಓಡಿ ಬಂದ.

ಅಧಿಕಾರಿಗಳು ಚಿಕ್ಕ ವಯಸ್ಸಿನವರು, ಎದ್ದು ನಿಂತೇ ಮಾತಾಡಿಸಿದರು. ತಿಲಗವತಿ ಕಾಗದ ಹಿಡಿದು ನಿಂತಳು. ಅವಳ ಮುಖ ಕಾಗದದ ಕಡೆ ಇರಲಿಲ್ಲ, ಬಾಗಿಲ ಕಡೆ ಇತ್ತು.

"ಯಾರಾದ್ರೂ ಬರೋರಿದ್ದಾರಾ?" ಅಂದರು ಅವರು.

"ಬರ್ತಾರೆ ಸರ್. ನಮ್ಮತ್ತೆ."

ಅವರು ಗಡಿಯಾರ ನೋಡಲಿಲ್ಲ. ಅದು ಅವರ ದೊಡ್ಡತನ. ನಾವೆಲ್ಲ ಬಾಗಿಲು ನೋಡುತ್ತಾ ನಿಂತೆವು. ಫ್ಯಾನು ತಿರುಗುತ್ತಿತ್ತು. ಬಾಗಿಲಲ್ಲಿ ಒಬ್ಬ ಜವಾನ ಬಂದು ಹೋದ, ಅಷ್ಟೇ. ಹೋಗಿ ಕೈ ಹಿಡಿದು ಎಳೆದುಕೊಂಡು ಬರೋಣ ಅಂತ ನಾನು ಹೆಜ್ಜೆ ಎತ್ತಿದೆ. ತಿಲಗವತಿ ನನ್ನ ಮುಂಗೈ ಹಿಡಿದು ನಿಲ್ಲಿಸಿ, "ಬೇಡ ಅಕ್ಕ. ಓದ್ತೀನಿ ಸರ್" ಅಂದಳು. ಓದಿದಳು. ದನಿ ನಡುಗಲಿಲ್ಲ. ಹಿಂದೆ ಪಾಟಿ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಗುಮಾಸ್ತ ಹೇಳಿದ್ದು ನಿಜ, ಎರಡು ನಿಮಿಷವೂ ಹಿಡಿಯಲಿಲ್ಲ. ಸಹಿ ಆಯಿತು. ಅಧಿಕಾರಿಗಳು ಶುಭಾಶಯ ಹೇಳಿ ಕಾರು ಹತ್ತಿ ಹೋದರು.

ಹೊರಗೆ ಬಂದರೆ ನಮ್ಮೂರಿನವರು ಕೂತ ಹಾಗೇ ಕೂತಿದ್ದಾರೆ. ಬೆನ್ನು ನೆಟ್ಟಗೆ, ಕೈ ತೊಡೆ ಮೇಲೆ. ಎಲ್ಲಿಗೂ ಹೋಗುವುದಿಲ್ಲವೇನೋ ಅನ್ನುವ ಅದೇ ಮುಖ. ನನಗೆ ಅಂಗಾಲಿನಿಂದ ಸಿಟ್ಟು ಹತ್ತಿತು.

"ಮುಗಿದು ಹೋಯ್ತು ದೊಡ್ಡಪ್ಪ. ಏನು ಮಾಡ್ತಿದ್ರಿ ಇಲ್ಲಿ ಎಲ್ಲರೂ?"

"ಮುಗೀತಾ? ಎಂಗೆ ಮುಗೀತದೆ? ಯಾರೂ ಕರೀಲೇ ಇಲ್ವಲ್ಲ" ಅಂದ ದೊಡ್ಡಪ್ಪ.

"ನಾರಾಯಣ ಕೈ ಬೀಸಲಿಲ್ವಾ?"

"ದೂರದಿಂದ ಕೈ ಬೀಸಿದ್ರೆ ಎದ್ದು ಓಗೋಕೆ ನಾವೇನ್ ಕುರಿಗಳಾ? ಅತ್ರ ಬಂದು ಏಳಿ ಅನ್ಬೇಕು. ಸರಿ, ಸರ್ಕಾರಿ ಜಾಗ, ನಡೀರಿ ಓಗೋಣ ಅಂದ್ಕೊಂಡ್ವಿ ಕಣಮ್ಮ. ಆದ್ರೆ ನಿಮ್ಮಮ್ಮನೇ ಎದ್ದಿಲ್ಲ. ಮನೆಯೋಳೇ ಕೂತವಳೆ, ನಾವು ಎಂಗೆ ಏಳೋದು?"

ಎಲ್ಲರೂ ಅಮ್ಮನ ಕಡೆ ನೋಡಿದರು. ಅಮ್ಮ ನೆಲ ನೋಡುತ್ತಾ, "ನನ್ನ ಯಾರು ಕರೆದ್ರು?" ಅಂದಳು. ದನಿಯಲ್ಲಿ ಜೋರಿರಲಿಲ್ಲ.

ನಾನು ಬಾಯಿ ತೆಗೆಯುವ ಮೊದಲೇ ತಿಲಗವತಿ ಹೋಗಿ ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನಿಮ್ಮನ್ನ ಕರೀಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ ಅತ್ತೆ. ಇವರನ್ನೆಲ್ಲ ನೀವು ಕರ್ಕೊಂಡು ಬರ್ತೀರಿ ಅಂದ್ಕೊಂಡೆ. ನಮ್ಮನೆ ಕಾರ್ಯ ಅಲ್ವಾ, ಅತ್ತೆನೇ ಕರೀತಾರೆ ಅಂತ ಬಾಗಿಲು ನೋಡ್ತಾ ಇದ್ದೆ."

ಅಮ್ಮ ತಲೆ ಎತ್ತಿ ಅವಳನ್ನು ನೋಡಿದಳು. "ಇನ್ನು ಆ ಪಾಸ್‌ಪೋರ್ಟ್ ಏನ್ ಮಾಡ್ತೀಯಮ್ಮ?" ಅಂದಳು.

"ಅದು ಇಲ್ಲ ಅತ್ತೆ. ಕೊಟ್ಟು ಎಷ್ಟೋ ತಿಂಗಳಾಯ್ತು. ಮೊದಲು ಅದನ್ನ ಬಿಟ್ರೇನೇ ಇದು."

"ಅಂಗಾದ್ರೆ ಇಷ್ಟು ದಿನ ಎಲ್ಲಿಯೋಳಾಗಿದ್ದೆ?"

"ಎಲ್ಲಿಯೋಳೂ ಅಲ್ಲ. ಯಾವ ದೇಶದ ಲೆಕ್ಕದಲ್ಲೂ ಇರ್ಲಿಲ್ಲ ನಾನು."

ಅಮ್ಮನ ಮುಖ ನಾನು ನೋಡಬಾರದಾಗಿತ್ತು ಅನ್ನಿಸಿತು. ಆಮೇಲೆ ಬಂತು ಮಾತು. "ಥೂ ನಿನ್ನ. ನನ್ನ ಕೊಟ್ಟಿಗೇಲಿ ಸಗಣಿ ಬಾಚ್ಕೊಂಡು, ನನ್ನ ಪಕ್ಕದಲ್ಲಿ ಕೂತು ಉಣ್ಕೊಂಡು, ಎಲ್ಲಿಯೋಳೂ ಅಲ್ಲ ಅಂತ ಇದ್ದ್ಯೇನೇ? ಒಂದ್ ಮಾತು ಬಾಯಿ ಬಿಡ್ಬಾರ್ದಾಗಿತ್ತೇನೇ ಮುಂಡೇದೆ? ಒಬ್ಬಳೇ ಎಂಗೆ ತಡ್ಕೊಂಡಿದ್ದೆ?" ಬೈಯುತ್ತಲೇ ನಾರಾಯಣನ ಹೆಗಲಿಗೆ ಕೈ ಕೊಟ್ಟು ಎದ್ದಳು. ಬೈಸಿಕೊಂಡವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಮರದ ಎಲೆ ಎಣಿಸುವವಳ ಹಾಗೆ ಮೇಲೆ ನೋಡಿದೆ.

ಎದ್ದ ಅಮ್ಮ ಕಟ್ಟೆಯ ಆ ತುದಿಗೆ ಹೋದಳು. ಮೊದಲು ದೊಡ್ಡಪ್ಪನ ಮುಂದೆ ನಿಂತಳು. "ಬಾವ, ಏಳಿ. ನಮ್ಮನೆ ಕಾರ್ಯ, ಬನ್ನಿ." ಆಮೇಲೆ ಪಕ್ಕದವಳು. "ಮುನಿರತ್ನಮ್ಮ, ಏಳು. ನಮ್ಮನೆ ಕಾರ್ಯ, ಬಾ." ಹೀಗೇ ಸಾಲು ಪೂರ್ತಿ, ಒಬ್ಬರನ್ನೂ ಬಿಡದೆ, ಒಬ್ಬೊಬ್ಬರದೂ ಹೆಸರು ಹಿಡಿದು. ಕರೆದವರು ಕರೆದ ಹಾಗೆ ಏಳುತ್ತಾ ಹೋದರು, ಸೀರೆ ಪಂಚೆ ಸರಿಮಾಡಿಕೊಂಡು. ಇನ್ನೇನು ಉಳಿದಿದೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಅಮ್ಮನ ಹಿಂದೆ ಮೆಟ್ಟಿಲು ಹತ್ತಿ ವರಾಂಡಕ್ಕೆ ಬಂದರು.

ಸಾಹೇಬರ ಕೋಣೆಗೆ ಬೀಗ ಬಿದ್ದಿತ್ತು. ಗುಮಾಸ್ತ ಓಡಿ ಬಂದ. "ಏನಮ್ಮ ಇದು ಇಷ್ಟು ಜನ? ಅವರದ್ದು ಆಗಲೇ ಮುಗೀತಲ್ಲ."

"ನಿಮ್ದು ಮುಗೀತಪ್ಪ" ಅಂದಳು ಅಮ್ಮ. "ನಮ್ಮೋರು ಈಗ ಬಂದವ್ರೆ."

ಅವನು ಆ ಜನದ ಮುಖ ನೋಡಿ ಪಕ್ಕಕ್ಕೆ ಸರಿದ. ಬೀಗ ಬಿದ್ದ ಬಾಗಿಲಿಗೆ ಬೆನ್ನು ಮಾಡಿ ತಿಲಗವತಿ ನಿಂತಳು, ನಮ್ಮ ಕಡೆ ತಿರುಗಿ. ನಾನು ಬಾಯಿಪಾಠ ಮಾಡಿಸಿದ ಕನ್ನಡದಲ್ಲಿ ಹೇಳಿದಳು. ಈ ದೇಶದ ಸಂವಿಧಾನಕ್ಕೆ ನಿಷ್ಠಳಾಗಿರುತ್ತೇನೆ, ಇಲ್ಲಿಯ ಕಾನೂನಿನಂತೆ ನಡೆಯುತ್ತೇನೆ, ನನ್ನ ಕರ್ತವ್ಯ ಮಾಡುತ್ತೇನೆ ಅಂತ. ಒಳಗೆ ನಡುಗದ ದನಿ ಇಲ್ಲಿ ನಡುಗಿತು. ಎರಡು ಕಡೆ ತಡವರಿಸಿದಳು, ಮತ್ತೆ ಮುಂದುವರಿಸಿದಳು. ನಮ್ಮೂರಿನವರು ತಾಳಿ ಕಟ್ಟುವಾಗ ನಿಲ್ಲುವ ಹಾಗೆ ಕಾಲು ತುದಿಯ ಮೇಲೆ ನಿಂತು, ಒಬ್ಬರ ಹೆಗಲ ಮೇಲಿಂದ ಒಬ್ಬರು ನೋಡಿದರು. ಗುಮಾಸ್ತನೂ ಕೈ ಕಟ್ಟಿಕೊಂಡು ನಿಂತಿದ್ದ.

ಮುಗಿದ ಮೇಲೆ ಏನು ಮಾಡಬೇಕು ಅಂತ ಯಾರಿಗೂ ತಿಳಿಯಲಿಲ್ಲ. ಅಕ್ಷತೆ ಇಲ್ಲ, ಓಲಗ ಇಲ್ಲ. ಅಮ್ಮ ಮುಂದೆ ಹೋಗಿ ತಿಲಗವತಿಯ ಪಕ್ಕದಲ್ಲಿ, ಅವಳು ಮುಖ ಮಾಡಿದ ಕಡೆಗೇ ಮುಖ ಮಾಡಿ ನಿಂತಳು, ಬಂದವರನ್ನು ಎದುರುಗೊಳ್ಳುವ ಮನೆಯೊಡತಿಯ ಹಾಗೆ.

"ಎಷ್ಟೊತ್ತಿಗೆ ಬರ್ಬೇಕು ಅಂತ ಊರೆಲ್ಲ ಕೇಳ್ಕೊಂಡು ತಿರುಗಿದ್ಯಲ್ಲೇ" ಅಂದಳು, ಅವಳಿಗಷ್ಟೇ ಕೇಳುವ ಹಾಗೆ. ಆದರೆ ನಾನು ಹತ್ತಿರವೇ ಇದ್ದೆ. "ನೆಂಟ್ರು ಯಾವಾಗಾದ್ರೂ ಬರ್ಲಿ. ಮನೆಯೋರು ಮುಂಚೆನೇ ಇರ್ಬೇಕಿತ್ತು. ನಾನು ತಡ ಮಾಡ್ಬಿಟ್ಟೆ."

ತಿಲಗವತಿ ಅಮ್ಮನ ಕೈ ಹಿಡಿದುಕೊಂಡಳು. ಟೆಂಪೊ ಹತ್ತುವವರೆಗೂ, ಹತ್ತಿ ಕೂತ ಮೇಲೂ, ಅಮ್ಮ ಆ ಕೈ ಬಿಡಿಸಿಕೊಳ್ಳಲಿಲ್ಲ.